ಪುಸ್ತಕದ ನರಕೋಶದ ಚಿತ್ರವನ್ನು ಎಷ್ಟು ನಂಬಬಹುದು?

ಪುಸ್ತಕದಲ್ಲಿ ನರಕೋಶ ಒಂದು ತರಹ ಇದೆ, ಇಂಟರ್ನೆಟ್ಟಿನಲ್ಲಿ ಇನ್ನೊಂದು ತರಹ, ಯಾವುದು ಸರಿ ಅಂತ ಕೇಳಿದ್ದೀರಿ. ವಿಜ್ಞಾನದ ಚಿತ್ರ ಬರೆಯುವುದೇ ನನ್ನ ಕೆಲಸ. ಅಳತೆ ತಪ್ಪಿದ್ದರೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾವುದು ಎಲ್ಲಿಗೆ ಸೇರುತ್ತದೆ ಅನ್ನುವುದೇ ತಪ್ಪಿದ್ದರೆ ಆ ಚಿತ್ರ ಬೇಡ.

ನರಕೋಶದಿಂದ ಸಂಕೇತ ಹೊತ್ತೊಯ್ಯುವ ಉದ್ದನೆಯ ಎಳೆಗೆ ಆಕ್ಸಾನ್ ಅನ್ನುತ್ತಾರೆ. ಬೆನ್ನುಹುರಿಯಿಂದ ಪಾದದ ಸ್ನಾಯುವಿಗೆ ಹೋಗುವ ಆಕ್ಸಾನ್ ಸುಮಾರು 1 ಮೀಟರ್ ಉದ್ದ. ಅದರ ಕೋಶಕಾಯ, ಅಂದರೆ ಕೋಶಕೇಂದ್ರ ಇರುವ ದಪ್ಪ ಭಾಗ, 50 ಮೈಕ್ರೋಮೀಟರ್ ಅಂತ ಇಟ್ಟುಕೊಳ್ಳಿ. ಅದನ್ನು 1 ಸೆಂಟಿಮೀಟರ್ ಅಗಲ ಬರೆದರೆ ಆಕ್ಸಾನ್ 200 ಮೀಟರ್ ಎಳೆಯಬೇಕು! ಯಾವ ಪುಟ ಸಾಲುತ್ತದೆ? ನಡುವೆ ಎರಡು ಅಡ್ಡಗೆರೆ ಹಾಕಿ ಕತ್ತರಿಸಿ ತೋರಿಸಿದರೆ ಸಾಕು. ಆಕ್ಸಾನಿಗೆ ಸುತ್ತಿದ ಕೊಬ್ಬಿನ ಹೊದಿಕೆ ಮಯಲಿನ್; ಅದರ ತುಂಡುಗಳ ನಡುವೆ ಹೊದಿಕೆ ಇಲ್ಲದ ಸಂದುಗಳೇ ರಾನ್ವಿಯರ್ ಗಂಟುಗಳು. ಅವೂ ಹಾಗೆಯೇ. ನಿಜಕ್ಕೆ ಗಂಟು ಸುಮಾರು 1 ಮೈಕ್ರೋಮೀಟರ್, ಆಚೀಚೆಯ ಹೊದಿಕೆಯ ತುಂಡು ಎಷ್ಟೋ ಕಡೆ 1 ಮಿಲಿಮೀಟರಿನಷ್ಟು. ಸಾವಿರ ಪಟ್ಟು ವ್ಯತ್ಯಾಸ. ಇದ್ದ ಹಾಗೇ ಬರೆದರೆ ಗಂಟು ಕಣ್ಣಿಗೇ ಬೀಳಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಮೇಲೆ ‘ಮೆದುಳಿನ ನರಕೋಶ’ ಅಂತ ಬರೆದು, ಹೊದಿಕೆಗೆ ಬಾಣ ಹಾಕಿ ‘ಶ್ವಾನ್ ಕೋಶ’ ಅನ್ನುತ್ತಾರೆ. ಶ್ವಾನ್ ಕೋಶ ಇರುವುದು ಮೆದುಳು, ಬೆನ್ನುಹುರಿಯ ಹೊರಗಿನ ನರಗಳಲ್ಲಿ. ಅಲ್ಲಿ ಒಂದು ಕೋಶ ಒಂದೇ ತುಂಡಿಗೆ ಮಯಲಿನ್ ಸುತ್ತುತ್ತದೆ. ಮೆದುಳಿನಲ್ಲಿ ಆ ಕೆಲಸ ಆಲಿಗೋಡೆಂಡ್ರೋಸೈಟ್ ಅನ್ನುವ ಬೇರೆ ಕೋಶದ್ದು. ಅದು ಕೈ ಚಾಚಿ ಹಲವು ಆಕ್ಸಾನ್‌ಗಳಿಗೆ ಒಟ್ಟಿಗೇ ಸುತ್ತುತ್ತದೆ. ಕೆಲವರಂತೂ ಸಂಕೇತ ಪಡೆಯುವ ಕವಲುಗಳಾದ ಡೆಂಡ್ರೈಟ್‌ಗಳಿಗೂ ಮಯಲಿನ್ ತೊಡಿಸುತ್ತಾರೆ. ಚೆಂದ ಕಾಣಲಿ ಅಂತ ಇರಬೇಕು.

ಇನ್ನು ಇಂಟರ್ನೆಟ್ಟಿನ ನೀಲಿ ಚಿತ್ರಗಳು. ಖಾಲಿ ಜಾಗದಲ್ಲಿ ತೇಲುವ ನರಕೋಶಗಳು, ತುದಿಯಲ್ಲಿ ಮಿಂಚು. ಮೆದುಳಿನಲ್ಲಿ ಅಂಥ ಖಾಲಿ ಜಾಗ ಇಲ್ಲ, ಕೋಶಗಳ ನಡುವಿನ ಸಂದು ಹೆಚ್ಚಿನ ಕಡೆ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ಹಳೆಯ ಚಿತ್ರಗಳಲ್ಲೂ ಸುತ್ತ ಖಾಲಿಯೇ ಕಾಣುತ್ತದಲ್ವಾ ಅಂದರೆ, ಅದಕ್ಕೆ ಕಾರಣ ಇದೆ. 1873ರಲ್ಲಿ ಇಟಲಿಯ ವಿಜ್ಞಾನಿ ಗೊಲ್ಜಿ ಪ್ರಕಟಿಸಿದ ಬಣ್ಣದ ವಿಧಾನ ಎಲ್ಲೋ ಕೆಲವು ಕೋಶಗಳನ್ನು ಮಾತ್ರ ಕಪ್ಪು ಮಾಡುತ್ತದೆ, ಉಳಿದವು ಕಾಣುವುದೇ ಇಲ್ಲ. ಅದೇ ವಿಧಾನ ಬಳಸಿ ಸ್ಪೇನಿನ ವಿಜ್ಞಾನಿ ಕಾಹಾಲ್ ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಬರೆದರು, ಗೊಲ್ಜಿ ಮಾತ್ರ ಎಲ್ಲ ಸೇರಿ ಒಂದೇ ಬಲೆ ಅಂತ ಹಟ ಹಿಡಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು, ನೋಡಿ!

ನೀವು ಓದಿಗಾಗಿ ಚಿತ್ರ ಹುಡುಕುತ್ತಿದ್ದರೆ, ಅದು ಯಾವ ನರಕೋಶ ಅಂತ ಕೆಳಗೆ ಬರೆದಿದೆಯಾ ನೋಡಿ. ಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದು ಸ್ನಾಯುವಿಗೆ ಹೋಗುವ ನರಕೋಶ. ಚರ್ಮದ ಸ್ಪರ್ಶ ತಿಳಿಸುವ ನರಕೋಶದಲ್ಲಿ ಕೋಶಕಾಯ ಪಕ್ಕದಲ್ಲಿ ಒಂದು ತೊಟ್ಟಿಗೆ ಅಂಟಿಕೊಂಡಿರುತ್ತದೆ. ಅದು ತಪ್ಪು ಚಿತ್ರ ಅಲ್ಲ.