ಬಯೋಗ್ಯಾಸ್‌ನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಮೆಂಬ್ರೇನ್ ಹೇಗೆ ಬೇರ್ಪಡಿಸುತ್ತದೆ?

ಮಂಡ್ಯದ ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್‌ನಿಂದ (ಕಬ್ಬಿನ ರಸ ಸೋಸಿದಾಗ ಉಳಿಯುವ ಕೆಸರು) ಬರುವ ಬಯೋಗ್ಯಾಸನ್ನು ನೇರವಾಗಿ ಗಾಡಿಗೆ ತುಂಬಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಅದರಲ್ಲಿ ಮೀಥೇನ್ ಸುಮಾರು ಶೇ. 60 ಮಾತ್ರ, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಗಾಡಿಗೆ ಕನಿಷ್ಠ ಶೇ. 90 ಮೀಥೇನ್ ಬೇಕು. ಹಾಗಾಗಿ ಕಾರ್ಬನ್ ಡೈಆಕ್ಸೈಡನ್ನು ಮೆಂಬ್ರೇನ್, ಅಂದರೆ ತೆಳು ಪೊರೆ, ಬಳಸಿ ಬೇರ್ಪಡಿಸುತ್ತಾರೆ.

ಇಲ್ಲಿ ಬಳಸುವ ಮೆಂಬ್ರೇನ್ ಅಂದರೆ ಪಾಲಿಇಮೈಡ್‌ನಂಥ ಪಾಲಿಮರ್‌ನಿಂದ (ಒಂದು ಬಗೆಯ ಪ್ಲಾಸ್ಟಿಕ್) ಮಾಡಿದ, ದಾರದಷ್ಟು ಸಣ್ಣ ಟೊಳ್ಳು ಎಳೆಗಳು. ಸಾವಿರಾರು ಎಳೆಗಳನ್ನು ಒಂದೇ ಕೊಳವೆಯಲ್ಲಿ ಕಟ್ಟಿರುತ್ತಾರೆ. ಸಣ್ಣ ಜಾಗದಲ್ಲಿ ಜಾಸ್ತಿ ಮೇಲ್ಮೈ ಸಿಗುತ್ತದೆ, ಅದೇ ಇದರ ಲಾಭ. ಅನಿಲವನ್ನು ಒತ್ತಡದಲ್ಲಿ ಎಳೆಗಳೊಳಗೆ ಬಿಡುತ್ತಾರೆ.

ಇದನ್ನು ಸುಮ್ನೆ ಜರಡಿ ಅಂದುಕೊಳ್ಳಬೇಡಿ. ಅನಿಲ ಮೊದಲು ಪಾಲಿಮರ್‌ನಲ್ಲಿ ಕರಗುತ್ತದೆ, ಆಮೇಲೆ ಅದರೊಳಗಿಂದ ಸಾಗಿ ಆಚೆ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಕಣ ಸುಮಾರು 0.33 ನ್ಯಾನೋಮೀಟರ್, ಮೀಥೇನ್ 0.38. ಚಿಕ್ಕದು ಬೇಗ ಸಾಗುತ್ತದೆ, ಕರಗುವುದೂ ಅದೇ ಜಾಸ್ತಿ. ಹಾಗಾಗಿ ಕಾರ್ಬನ್ ಡೈಆಕ್ಸೈಡ್ ಎಳೆಯ ಗೋಡೆ ದಾಟಿ ಹೋಗುತ್ತದೆ, ಮೀಥೇನ್ ಒತ್ತಡದಲ್ಲೇ ಇನ್ನೊಂದು ತುದಿಗೆ ಬರುತ್ತದೆ.

ಸ್ವಲ್ಪ ಮೀಥೇನೂ ಸೋರುತ್ತದೆ. ಅದಕ್ಕೇ ಎರಡು-ಮೂರು ಹಂತ ಇಟ್ಟು, ಸೋರಿದ್ದನ್ನು ಮತ್ತೆ ಒಳಕ್ಕೆ ತಿರುಗಿಸುತ್ತಾರೆ. ಕಂಪ್ರೆಸರ್‌ನ ಕರೆಂಟ್ ಖರ್ಚು ಇದ್ದೇ ಇದೆ. ಹೈಡ್ರೋಜನ್ ಸಲ್ಫೈಡ್, ತೇವ ಎರಡನ್ನೂ ಮೊದಲೇ ತೆಗೆಯಬೇಕು. ಇದರಲ್ಲಿ ಜುಗ್ಗತನ ಮಾಡಿದರೆ ದುಬಾರಿ ಎಳೆಗಳು ಬೇಗ ಹಾಳಾಗುತ್ತವೆ.