ಡ್ರೈವ್ ಇರುವುದೋ ಇಲ್ಲದ್ದೋ? ಗೇಮ್ ಕನ್ಸೋಲ್ ಕೊಳ್ಳುವ ಮುನ್ನ

ಪ್ರಶ್ನೆ: ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5 (ಪಿಎಸ್5) ಸ್ಲಿಮ್‌ ಇಲ್ಲಿ ಬಿಡುಗಡೆಯಾದಾಗ ಡಿಸ್ಕ್ ಹಾಕುವ ಮಾದರಿಗೂ, ಡ್ರೈವ್ ಇಲ್ಲದೆ ಆಟ ಡೌನ್‌ಲೋಡ್ ಮಾಡಿಕೊಳ್ಳುವ ಡಿಜಿಟಲ್ ಮಾದರಿಗೂ ಹತ್ತು ಸಾವಿರ ರೂಪಾಯಿ ಅಂತರವಿತ್ತು. ಒಂದು ಡ್ರೈವ್‌ಗೆ ಅಷ್ಟು ಬೆಲೆಯೇ? ಮಗನಿಗೆ ಯಾವುದು ಕೊಡಿಸಲಿ? — ಓದುಗರು, ಡೊಂಬಿವಲಿ

ಉತ್ತರ: ಡ್ರೈವ್‌ಗೆ ಅಷ್ಟು ಬೆಲೆಯಿಲ್ಲ. ಸ್ಲಿಮ್ ಬಂದಾಗ ಅಮೆರಿಕದಲ್ಲಿ ಬಿಡಿ ಡ್ರೈವಿನ ಅಂಗಡಿ ಬೆಲೆಯೇ 79.99 ಡಾಲರ್ ಇತ್ತು. ತಯಾರಿಕೆಗೆ ತಗಲುವುದು ಅದಕ್ಕಿಂತ ಕಡಿಮೆ. ಭಾರತದಲ್ಲಿ 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಿಡುಗಡೆಯಾದಾಗ ಡಿಸ್ಕ್ ಮಾದರಿಗೆ 54,990, ಡಿಜಿಟಲ್‌ಗೆ 44,990 ರೂಪಾಯಿ ಇಟ್ಟರು. ಈ ಅಂತರ ಬರೀ ಭಾಗದ ಬೆಲೆಯಲ್ಲ, ಗಿರಾಕಿಯನ್ನು ಕಟ್ಟಿಹಾಕಲು ಕಂಪನಿ ಬಿಟ್ಟುಕೊಡುವ ಹಣವೂ ಅದರಲ್ಲಿದೆ. ಡಿಜಿಟಲ್ ಕೊಂಡವರಿಗೆ ಇರುವುದು ಸೋನಿಯ ಆನ್‌ಲೈನ್ ಮಳಿಗೆ ಒಂದೇ. ಅಲ್ಲಿ ಬೇರೆ ಸ್ಟುಡಿಯೋದ ಆಟ ಮಾರಾಟವಾದರೆ ಸಾಮಾನ್ಯವಾಗಿ ಶೇ 30 ವೇದಿಕೆಯ ಪಾಲು. 4,999 ರೂಪಾಯಿಯ ಆಟದಲ್ಲಿ ತೆರಿಗೆ ಕಳೆದ ಮೇಲೂ ಅದು ಸಾವಿರ ದಾಟುತ್ತದೆ. ಡಿಸ್ಕ್ ಆದರೆ ಅಂಗಡಿಯವನಿಗೆ, ವಿತರಕನಿಗೆ ಪಾಲು ಹೋಗಬೇಕು. ಅದೇ ಡಿಸ್ಕ್ ಎರಡನೇ ಕೈಗೆ ಹೋದಾಗ ಕಂಪನಿಗೆ ಚಿಕ್ಕಾಸೂ ಇಲ್ಲ.

ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಗಿಟ್ಟಿಸಿಕೊಳ್ಳುವ ವ್ಯಾಪಾರವೇ ಇದು. ಗೇಮ್ ಕಂಪನಿ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ 2021ರಲ್ಲಿ ಸಾಕ್ಷಿ ಹೇಳಿದ ಮೈಕ್ರೋಸಾಫ್ಟ್ ಅಧಿಕಾರಿ ಲೋರಿ ರೈಟ್, ತಮ್ಮ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಕಂಪನಿ ಯಾವತ್ತೂ ಲಾಭ ಕಂಡಿಲ್ಲ ಎಂದರು.

ಹಳೆಯ ಡಿಸ್ಕ್ ಮೇಲೆ ಕೈಹಾಕಿದರೆ ಏನಾಗುತ್ತದೆ ಎಂಬುದು 2013ರಲ್ಲೇ ಗೊತ್ತಾಯಿತು. ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು, ಹಳೆಯ ಆಟಗಳ ಮಾರಾಟಕ್ಕೂ ಮಿತಿ ಎಂದು ಮೈಕ್ರೋಸಾಫ್ಟ್ ಹೇಳಿತು. ಬೆಲೆ 499 ಡಾಲರ್. ಸೋನಿ ಪಿಎಸ್4ಗೆ 399 ಇಟ್ಟಿತು. ಜೊತೆಗೆ ಆಟ ಹಂಚಿಕೊಳ್ಳುವುದು ಹೇಗೆಂದು ತೋರಿಸುವ ಒಂದು ಪುಟ್ಟ ವಿಡಿಯೋ ಬಿಟ್ಟಿತು: ಒಬ್ಬ ಡಿಸ್ಕ್ ಕೊಡುತ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಎನ್ನುತ್ತಾನೆ, ಅಷ್ಟೇ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ನಿಯಮ ಹಿಂತೆಗೆದುಕೊಂಡಿತು. ಅಂದು ಡಿಸ್ಕ್‌ನ ಪರ ಮೆರೆದ ಸೋನಿಯೇ ಏಳು ವರ್ಷಕ್ಕೆ ಡ್ರೈವ್ ಇಲ್ಲದ ಪಿಎಸ್5 ತಂದಿತು. ತತ್ವವನ್ನು ನಂಬಿ ಯಂತ್ರ ಕೊಳ್ಳಬೇಡಿ, ಲೆಕ್ಕ ನೋಡಿ.

ಮಗ ಉಚಿತ ಆನ್‌ಲೈನ್ ಆಟಗಳನ್ನೋ ವರ್ಷಕ್ಕೊಂದು ಫುಟ್‌ಬಾಲ್ ಆಟವನ್ನೋ ಆಡುವವನಾದರೆ ಡಿಜಿಟಲ್ ಸಾಕು. ಕಥೆಯಿರುವ ಆಟಗಳನ್ನು ಮುಗಿಸಿ ಮುಂದಿನದಕ್ಕೆ ಹೋಗುವವನಾದರೆ ಡಿಸ್ಕ್ ತೆಗೆದುಕೊಳ್ಳಿ. 4,999ಕ್ಕೆ ಕೊಂಡ ಡಿಸ್ಕ್ ಬೇಗ ಮುಗಿಸಿ 3,000ಕ್ಕೆ ಕೊಟ್ಟರೆ ಅವನು ಆಡಿದ್ದಕ್ಕೆ ತಗಲಿದ್ದು ಎರಡು ಸಾವಿರ. ಹೀಗೆ ಪ್ರತಿ ಆಟಕ್ಕೂ ಮೂರು ಸಾವಿರ ಮರಳಿದರೆ ನಾಲ್ಕನೇ ಆಟಕ್ಕೆ ಆ ಹತ್ತು ಸಾವಿರದ ಅಂತರ ತುಂಬಿಹೋಗುತ್ತದೆ. ತಡಮಾಡಿದರೆ ಮಳಿಗೆಯ ರಿಯಾಯಿತಿ ಶುರುವಾಗಿ ಹಳೆ ಡಿಸ್ಕ್‌ನ ಬೆಲೆಯೂ ಇಳಿಯುತ್ತದೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಕಡೆ ಹಳೆ ಡಿಸ್ಕ್ ಕೊಳ್ಳುವಾಗ ದೇಶ ಯಾವುದೆಂದು ನೋಡಿ. ಪಿಎಸ್5ನಲ್ಲಿ ಯಾವ ದೇಶದ ಡಿಸ್ಕ್ ಆದರೂ ಓಡುತ್ತದೆ, ಆದರೆ ಅಮೆರಿಕದ ಡಿಸ್ಕ್‌ಗೆ ಭಾರತದ ಖಾತೆಯಲ್ಲಿ ಕೊಂಡ ಆಟದ ಹೆಚ್ಚುವರಿ ಭಾಗಗಳು ಹತ್ತದೇ ಹೋಗಬಹುದು. ‘ಡ್ರೈವ್ ಆಮೇಲೆ ಹಾಕಿಸಿಕೊಳ್ಳಿ’ ಎಂದು ಅಂಗಡಿಯವರು ಹೇಳಿದರೆ, ಆ ಬಿಡಿ ಡ್ರೈವ್ ಅವರ ಬಳಿ ಈಗಲೇ ಇದೆಯೇ ಕೇಳಿ. ಅದನ್ನು ಮೊದಲ ಸಲ ಜೋಡಿಸಲು ಇಂಟರ್ನೆಟ್ ಬೇಕು, 2020ರ ಡಿಜಿಟಲ್ ಮಾದರಿಗೆ ಅದು ಕೂರುವುದಿಲ್ಲ.

ಪ್ರಶ್ನೆ: ಜಪಾನಿನಿಂದ ಬರುವ ಸ್ನೇಹಿತ, ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡುವ ಕನ್ಸೋಲ್ ನಿಂಟೆಂಡೊ ಸ್ವಿಚ್ 2 ಅಗ್ಗಕ್ಕೆ ತರುತ್ತೇನೆ ಎನ್ನುತ್ತಿದ್ದಾನೆ. ತರಿಸಲೇ? — ಓದುಗರು, ಕೋಥ್ರೂಡ್, ಪುಣೆ

ಉತ್ತರ: ಯಾವ ಮಾದರಿ ಎಂದು ಮೊದಲು ಕೇಳಿ. 2025ರ ಜೂನ್ 5ರಂದು ಬಿಡುಗಡೆಯಾದಾಗ ಜಪಾನಿನಲ್ಲಿ ಎರಡು ಬೆಲೆ ಇತ್ತು: 49,980 ಯೆನ್ ಮತ್ತು 69,980 ಯೆನ್. ಅಗ್ಗದ್ದರಲ್ಲಿ ಜಪಾನಿ ಭಾಷೆ ಮಾತ್ರ, ಜಪಾನ್ ದೇಶ ಎಂದು ನಮೂದಿಸಿದ ಖಾತೆ ಮಾತ್ರ. ಯೆನ್ ಕುಸಿದಿದ್ದಾಗ ತಮ್ಮವರಿಗೆ ಕಡಿಮೆ ಬೆಲೆ ಇಟ್ಟರೆ ಹೊರಗಿನವರು ಸೂಟ್‌ಕೇಸ್ ತುಂಬಿಕೊಂಡು ಹೋಗುತ್ತಾರಲ್ಲ, ಅದನ್ನು ತಡೆಯುವ ಬೀಗ ಇದು. ನಿಮಗೆ ಬೇಕಾದದ್ದು ಬಹುಭಾಷಾ ಮಾದರಿ. ಅದನ್ನು ಕೊಂಡರೆ ಅಗ್ಗದ ಆಸೆ ಬಹುಪಾಲು ಕರಗುತ್ತದೆ.

ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ. ಚಪ್ಪಟೆ ಪಿನ್‌ಗೆ ಪರಿವರ್ತಕ ಪ್ಲಗ್ ಸಾಕು, ಟ್ರಾನ್ಸ್‌ಫಾರ್ಮರ್ ಬೇಡ. ಟಿವಿಗೆ ಜೋಡಿಸುವ ಡಾಕ್‌ಗೆ ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಮೊಬೈಲ್ ಚಾರ್ಜರ್ ಹಾಕಿದರೆ ಚಿತ್ರ ಬರದಿರಬಹುದು. ಹಳೆಯ ಸ್ವಿಚ್‌ನ ಮೈಕ್ರೋಎಸ್‌ಡಿ ಕಾರ್ಡ್‌ನಲ್ಲಿ ಆಟ ಇಡಲಾಗದು, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಮುಂಬೈ, ಪುಣೆ ಅಂಗಡಿಗಳಲ್ಲಿ ಸಿಗುವುದೂ ಹೊರಗಿನಿಂದ ತಂದದ್ದೇ, ‘ವಾರಂಟಿ’ ಎಂದರೆ ಆ ಅಂಗಡಿಯ ಮಾತು. ಬಿಲ್ ಮೇಲೆ ಬರೆಸಿಕೊಳ್ಳಿ.

ಪ್ರಶ್ನೆ: ಹಿಂದೆಲ್ಲ ಕನ್ಸೋಲ್ ಬೆಲೆ ವರ್ಷ ಕಳೆದಂತೆ ಇಳಿಯುತ್ತಿತ್ತು. ಈಗ ಕಾದರೂ ಇಳಿಯುತ್ತಿಲ್ಲವೇಕೆ? — ಓದುಗರು, ವಾಸ್ಕೊ, ಗೋವಾ

ಉತ್ತರ: ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್, 2002ರಲ್ಲಿ 199, 2009ರಲ್ಲಿ 99. ಚಿಪ್ ಸಣ್ಣದಾದಂತೆ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ ಹೆಚ್ಚು ಚಿಪ್ ಸಿಗುತ್ತಿದ್ದವು, ವಿದ್ಯುತ್ ಕಡಿಮೆ, ಫ್ಯಾನ್ ಸಣ್ಣದು, ಡಬ್ಬಿಯೂ ಸಣ್ಣದು. ಆ ಉಳಿತಾಯ ಈಗ ಬಹಳ ಕುಗ್ಗಿದೆ. ಪಿಎಸ್5ನ ಚಿಪ್‌ನ ತಯಾರಿಕಾ ತಂತ್ರ 7 ನ್ಯಾನೊಮೀಟರ್‌ನಿಂದ 6ಕ್ಕೆ ಇಳಿದರೂ ಬೆಲೆ ಇಳಿಯಲಿಲ್ಲ. ಹೊಸ ತಂತ್ರದ ಬಿಲ್ಲೆಯೇ ದುಬಾರಿ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ 49,990 ಇದ್ದ ಪಿಎಸ್5 2022ರ ನವೆಂಬರ್‌ಗೆ 54,990 ಆಯಿತು. ಅಮೆರಿಕದಲ್ಲಿ 499 ಡಾಲರಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರ ಅಕ್ಟೋಬರ್‌ಗೆ 649 ದಾಟಿತು.

ಪೈಪೋಟಿ ಸಡಿಲಗೊಂಡದ್ದೂ ಒಂದು ಕಾರಣ ಎಂಬುದು ನಮ್ಮ ಅಭಿಪ್ರಾಯ. ಮೈಕ್ರೋಸಾಫ್ಟ್ ಯಂತ್ರ ಮಾರುವ ಹಟ ಬಿಟ್ಟು ಆಟಗಳನ್ನು ಎಲ್ಲೆಡೆ ಮಾರತೊಡಗಿದೆ. ಅದರದೇ ಕಾರ್ ರೇಸ್ ಆಟ ‘ಫೋರ್ಜಾ ಹೊರೈಜನ್ 5’ 2025ರಲ್ಲಿ ಪಿಎಸ್5ಗೇ ಬಂತು. ಎದುರಾಳಿ ಬೆಲೆ ಇಳಿಸುವುದಿಲ್ಲ ಎಂದು ಗೊತ್ತಿದ್ದರೆ ಸೋನಿ ತಾನಾಗಿ ಏಕೆ ಇಳಿಸೀತು? ಶಾಶ್ವತ ಇಳಿಕೆಗೆ ಕಾಯಬೇಡಿ. ಸೋನಿ ಇಲ್ಲಿ ಕೊಡುವುದು ಕೆಲವೇ ದಿನಗಳ ಕಡಿತ. 2023ರ ಜುಲೈನಲ್ಲಿ ಹೀಗೆ 7,500 ರೂಪಾಯಿ ಬಿಟ್ಟಿತ್ತು. ದೀಪಾವಳಿಯ ಆಸುಪಾಸು ಕಣ್ಣಿಟ್ಟಿರಿ.

ಪ್ರಶ್ನೆ: ಪಿಎಸ್5ನಲ್ಲಿ ಜಾಗ ತುಂಬಿದೆ. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ (ಆಟ, ಕಡತ ಉಳಿಸಿಡುವ ಚಿಪ್ ಫಲಕ) ಹಾಕಬಹುದೇ? — ಓದುಗರು, ಚಿಂಚವಡ

ಉತ್ತರ: ಅದರ ಮೇಲೆ ಬರೆದಿರುವ ಬಗೆ ನೋಡಿ: ಎಂ.2 ಎನ್‌ವಿಎಂಇ, ಪಿಸಿಐಇ ನಾಲ್ಕನೇ ತಲೆಮಾರಿನದಾದರೆ (ಜೆನ್ 4) ಹಾಕಬಹುದು. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಇರಲಿ ಎಂಬುದು ಸೋನಿಯ ಸಲಹೆ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಮೂರನೇ ತಲೆಮಾರಿನದು ಇರುತ್ತದೆ, ಅದು ನಡೆಯದು. ಬಿಸಿ ಹೊರಹಾಕುವ ಲೋಹದ ಹೊದಿಕೆ, ಅಂದರೆ ಹೀಟ್‌ಸಿಂಕ್ ಕಡ್ಡಾಯ, ಆದರೆ ಎಲ್ಲ ಸೇರಿ ದಪ್ಪ 11.25 ಮಿ.ಮೀ. ಮೀರಬಾರದು, ಎಸ್‌ಎಸ್‌ಡಿಯ ಬೋರ್ಡ್‌ನ ಮೇಲೆ 8, ಕೆಳಗೆ 2.45 ಮಿ.ಮೀ.ವರೆಗೆ. ಪಿಸಿಗೆಂದು ಮಾರುವ ಎತ್ತರದ ಹೀಟ್‌ಸಿಂಕ್ ಹಾಕಿದರೆ ಒಳಮುಚ್ಚಳ ಕೂರುವುದೇ ಇಲ್ಲ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ವೈರ್ ತೆಗೆದು ತಣ್ಣಗಾಗಲು ಬಿಟ್ಟ ಮೇಲೇ ಬಿಚ್ಚಿ. ಹಾಕಿ ಆನ್ ಮಾಡಿದಾಗ ಅದು ಫಾರ್ಮ್ಯಾಟ್ ಮಾಡಲು ಕೇಳುತ್ತದೆ, ಎಸ್‌ಎಸ್‌ಡಿಯಲ್ಲಿದ್ದದ್ದೆಲ್ಲ ಅಳಿಯುತ್ತದೆ.