ತೆಲಂಗಾಣದ ಮಾಚನೂರು ಹಳ್ಳಿಯ ಸಂಘಂ ರೇಡಿಯೋ ಹೆಂಗಸರು ಪ್ರಸಾರದ ಲೈಸೆನ್ಸ್‌ಗೆ ಸುಮಾರು ಹತ್ತು ವರ್ಷ ಕಾದಿದ್ದು ಯಾಕೆ?

ಸಾಮರ್ಥ್ಯ ಇರಲಿಲ್ಲ ಅಂತಲ್ಲ, ಕಾನೂನಿನಲ್ಲಿ ಜಾಗ ಇರಲಿಲ್ಲ. 2006ರವರೆಗೆ ನಮ್ಮ ದೇಶದಲ್ಲಿ ಸರ್ಕಾರ, ಖಾಸಗಿ ಕಂಪನಿ, ಆಮೇಲೆ ಕಾಲೇಜುಗಳಂಥ ವಿದ್ಯಾಸಂಸ್ಥೆಗಳು ಮಾತ್ರ ರೇಡಿಯೋ ನಡೆಸಬಹುದಿತ್ತು. ಹಳ್ಳಿ ಸಂಘಗಳಿಗೆ ಅವಕಾಶವೇ ಇರಲಿಲ್ಲ.

ತಮಾಷೆ ಅಂದ್ರೆ, ಬಾಗಿಲು ತೆರೆದದ್ದು ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳ! ಆ ಕೇಸಿನಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದಿತು. ಅದು ನಿಯಮವಾಗಿ ಹಳ್ಳಿಗೆ ತಲುಪಲು ಮತ್ತೆ 11 ವರ್ಷ ಬೇಕಾಯಿತು.

ಬೀದರ್ ಗಡಿಗೆ ಹತ್ತಿರದ ಜಹೀರಾಬಾದ್ ಕಡೆಯ ಮಾಚನೂರಿನ ದಲಿತ ಹೆಂಗಸರು ಅಷ್ಟು ದಿನ ಸುಮ್ನೆ ಕೂರಲಿಲ್ಲ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನೋ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ 1990ರ ದಶಕದ ಕೊನೆಯಲ್ಲೇ ರೆಕಾರ್ಡಿಂಗ್ ಶುರು ಮಾಡಿದ್ದರು. ಬಿತ್ತನೆ ಬೀಜ, ಜೋಳ, ಸಜ್ಜೆ, ಹಬ್ಬದ ಹಾಡು, ಎಲ್ಲವೂ ಕ್ಯಾಸೆಟ್‌ನಲ್ಲಿ. ಅದನ್ನೇ ಸಂಘದ ಸಭೆಗಳಲ್ಲಿ ಹಾಕಿ ಕೇಳಿಸುತ್ತಿದ್ದರು. ನಮ್ಮ ಕೋಲಾರದ ಬೂದಿಕೋಟೆಯ ಹಳ್ಳಿ ರೇಡಿಯೋ 'ನಮ್ಮ ಧ್ವನಿ'ಯದ್ದೂ ಇದೇ ಕಷ್ಟ. ಅವರು ಕೇಬಲ್ ತಂತಿಯಲ್ಲಿ ಕಾರ್ಯಕ್ರಮ ಕಳಿಸಿದರು.

ಕೊನೆಗೆ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಎಫ್‌ಎಂ 90.4ರಲ್ಲಿ ಕೇಳಿಸಿತು. ಸ್ಟುಡಿಯೋ ನೋಡಿಕೊಂಡವರು ಇಬ್ಬರು ನರಸಮ್ಮಂದಿರು: ಒಬ್ಬರು ಅಲ್ಗೋಲ್ ನರಸಮ್ಮ, ಇನ್ನೊಬ್ಬರನ್ನು ಎಲ್ಲರೂ 'ಜನರಲ್' ನರಸಮ್ಮ ಅಂತಲೇ ಕರೆಯುತ್ತಾರೆ. ಪ್ರಸಾರದ ಹೊತ್ತು ಸಂಜೆ 7ರ ಮೇಲೆ. ಹೊಲದ ಕೆಲಸ ಮುಗಿಸಿ ಮನೆಗೆ ಬಂದವರಿಗೆ ಕಿವಿ ಕೊಡಲು ಬಿಡುವಾಗುವುದು ಆಗಲೇ ಅಲ್ವಾ?